ನಾರುಹುಣ್ಣೂ ಸಾರ್ವಜನಿಕ ಬೊಕ್ಕಸವೂ

ಈಚೆಗೆ ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ಒಂದು ಮಾತು ಬಲವಾಗಿ ಬೇರೂರುತ್ತಿದೆ. ಸರಕಾರವು ಕೈಯಿಕ್ಕಿದ ಕೆಲಸವೆಲ್ಲವೂ ಕೆಡುತ್ತದೆಂದೂ, ಖಾಸಗಿಯವರು ಕೈಗೊಂಡುದೆಲ್ಲವೂ ಕೈಗೂಡುತ್ತದೆಂದೂ, ಆದುದರಿಂದ ನೀರು, ನೈರ್ಮಲ್ಯ, ಆರೋಗ್ಯ ಮೊದಲಾದವುಗಳನ್ನು ಸಹ ಪೇಟೆಗೆ ಒಪ್ಪಿಸಿಕೊಟ್ಟು, ತೆರಿಗೆಯ ಭಾರವನ್ನು ಇಳಿಸಿ, ಸರಕಾರವು ಸುಮ್ಮನಿರುವುದೇ ಲೇಸೆಂದೂ ಅವರು ವಾದಿಸುತ್ತಾರೆ. ಹೀಗೆ ವಾದಿಸುವವರು ಕೆಟ್ಟವರಲ್ಲ. ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಬೇಸತ್ತವರು. ನಲ್ಲಿಯ ಮುಂದೆ ಕೊಡವಿಟ್ಟು ಕಾದು ದಣಿದವರು. ಅವರ ಬೇಸರಕ್ಕೆ ಕಾರಣವುಂಟು. ಆದರೆ ಅವರ ತೀರ್ಮಾನಕ್ಕೆ ಆಧಾರವುಂಟೇ? ಇದನ್ನು ಸಾವಧಾನದಿಂದ ವಿಚಾರಿಸತಕ್ಕದ್ದು ನಮ್ಮೆಲ್ಲರ ಕರ್ತವ್ಯವಾಗಿದೆ.

ಮೊದಲು ಪ್ರತಿಪಕ್ಷಕ್ಕೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸೋಣ. ಪೇಟೆಯೆಂಬುದು ಸಾಮಾನ್ಯವಾದ ವಸ್ತುವಲ್ಲ. ವಿಜಾಪುರದ ಜೋಳವೂ, ಬ್ಯಾಡಗಿಯ ಮೆಣಸಿನಕಾಯಿಯೂ, ಇಳಕಲ್ಲಿನ ಸೀರೆಯೂ ಯಾವ ಅಧಿಕಾರಿಯ ಅಪ್ಪಣೆಯೂ ಇಲ್ಲದೆ ನೂರಾರು ಮೈಲು ಸಾಗಿ, ಬೇಕಾದವನ ಮನೆಯ ಬಾಗಿಲಿಗೆ ಮುಟ್ಟುತ್ತವೆ. ಮಾರುವವನಿಗೆ ಲಾಭ, ಕೊಳ್ಳುವವನಿಗೆ ಉಪಯೋಗ, ಇಬ್ಬರೂ ತೃಪ್ತರು. ಇಲ್ಲಿ ಸರಕಾರವು ತಕ್ಕಡಿ-ಕಲ್ಲುಗಳು ಸರಿಯಾಗಿವೆಯೇ ಎಂದು ನೋಡಿಕೊಂಡು, ಕರಾರು ಮುರಿದವನನ್ನು ಕೋರ್ಟಿಗೆ ಎಳೆದರೆ ಸಾಕು. ಈ ವ್ಯವಸ್ಥೆಯು ನಡೆಯುವುದಕ್ಕೆ ಒಂದೇ ಒಂದು ನಿಬಂಧನೆಯುಂಟು: ಹಣ ಕೊಟ್ಟವನಿಗೆ ವಸ್ತುವು ದೊರೆಯಬೇಕು, ಕೊಡದವನಿಗೆ ದೊರೆಯಕೂಡದು, ಲಾಭ-ಹಾನಿಗಳೆರಡೂ ಆ ಇಬ್ಬರಲ್ಲಿಯೇ ಮುಗಿಯಬೇಕು. ಈ ನಿಬಂಧನೆಯು ಇಲ್ಲದಲ್ಲಿ ಪೇಟೆಯು ಏನು ಮಾಡೀತು? ಇದಕ್ಕೆ ಉತ್ತರವನ್ನು ನಮ್ಮ ನಾಡಿನ ಹಳ್ಳಿಗಳೇ ತಮ್ಮ ಕಾಲ ಮೇಲಿನ ಹುಣ್ಣುಗಳಿಂದ ಬರೆದಿಟ್ಟಿವೆ.

ನಾರುಹುಣ್ಣನ್ನು ಇಂದಿನ ತರುಣರು ಕಂಡಿಲ್ಲ. ಅದು ಅವರ ಪುಣ್ಯ. ಅವರ ಅಜ್ಜಂದಿರು ಕಂಡಿದ್ದರು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ನೀರಹುಳುವಿರುತ್ತದೆ. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿಗಳಿದ್ದರೆ, ನೀರಿನೊಡನೆ ಅವು ಕುಡಿದವನ ಒಡಲನ್ನು ಸೇರುತ್ತವೆ. ಸುಮಾರು ಒಂದು ವರ್ಷದವರೆಗೆ ಆತನಿಗೆ ಯಾವ ಸುಳಿವೂ ಸಿಗುವುದಿಲ್ಲ. ಅನಂತರ ಒಂದು ದಿನ ಕಾಲಿನ ಮೇಲೆ ಬೊಬ್ಬೆಯೆದ್ದು ಒಡೆದು, ನೂಲಿನೆಳೆಯಂತಹ ಹುಳವು ತಲೆಯನ್ನು ಹೊರಗಿಕ್ಕುತ್ತದೆ. ಅದರ ಉದ್ದ ಎರಡು-ಮೂರು ಅಡಿ. ಎಳೆದರೆ ಹರಿಯುತ್ತದೆ, ಹರಿದರೆ ಕೀವಾಗುತ್ತದೆ. ಆದುದರಿಂದ ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಹೊರತೆಗೆಯುತ್ತ ವಾರಗಟ್ಟಲೆ ಬಿದ್ದಿರಬೇಕು. ಉರಿಯನ್ನು ತಾಳಲಾರದೆ ರೋಗಿಯು ಬಾವಿಯ ತಂಪು ನೀರಿನಲ್ಲಿ ಕಾಲಿಟ್ಟನೆಂದರೆ, ಹುಳವು ಸಾವಿರಾರು ಮರಿಗಳನ್ನು ಆ ನೀರಿಗೆ ಬಿಡುತ್ತದೆ. ಅಲ್ಲಿಗೆ ಚಕ್ರವು ಪೂರ್ಣವಾಯಿತು. ಬರುವ ವರ್ಷದ ರೋಗಿಗಳು ಇಂದೇ ನೀರು ತುಂಬಿಕೊಂಡು ಮನೆಗೆ ಹೋದರು! ಹೊಲದ ಕೆಲಸದ ದಿನಗಳಲ್ಲಿಯೇ ಒಕ್ಕಲಿಗನು ಹಾಸಿಗೆ ಹಿಡಿದರೆ ಆ ಮನೆಯ ಒಂದು ವರ್ಷದ ಬಾಳು ಏನಾಗುವುದೆಂಬುದನ್ನು ಬಿಡಿಸಿ ಹೇಳಬೇಕೇ?

ಈಗ ವಾಚಕರು ವ್ಯಾಪಾರಿಯ ಸ್ಥಾನದಲ್ಲಿ ನಿಂತು ಯೋಚಿಸಬೇಕು. ಈ ರೋಗಕ್ಕೆ ಔಷಧವಿಲ್ಲ, ಲಸಿಕೆಯಿಲ್ಲ, ಒಮ್ಮೆ ಬಂದವನಿಗೆ ಮತ್ತೊಮ್ಮೆ ಬಾರದೆಂಬ ಭರವಸೆಯೂ ಇಲ್ಲ. ಮಾರುವುದಕ್ಕೆ ಗುಳಿಗೆಯಿಲ್ಲದ ರೋಗಕ್ಕೆ ಅಂಗಡಿಯನ್ನು ಯಾರು ತೆರೆದಾರು? ಉಪಾಯಗಳು ನಾಲ್ಕೇ ನಾಲ್ಕು: ನೀರನ್ನು ದಟ್ಟನೆಯ ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲು ಬಾವಿಗಳನ್ನು ಮುಚ್ಚಿ, ಇಲ್ಲವೆ ಕಟ್ಟೆ ಕಟ್ಟಿ ಸೇದುವ ಬಾವಿಗಳನ್ನಾಗಿ ಮಾಡುವುದು, ಅಥವಾ ಕೊಳವೆಬಾವಿ ತೋಡಿಸುವುದು, ನೀರಹುಳುವನ್ನು ಕೊಲ್ಲುವ ಮದ್ದನ್ನು ಬಾವಿಗೆ ಬೆರೆಸುವುದು, ಹುಣ್ಣುಳ್ಳವನು ನೀರಿಗಿಳಿಯದಂತೆ ನೋಡಿಕೊಳ್ಳುವುದು. ಸೋಸುವ ಬಟ್ಟೆಯು ಅಗ್ಗವಾದುದಲ್ಲವೇ, ಅದನ್ನು ಪೇಟೆಯೇ ಮಾರಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಮಾರಬಹುದು, ಕೊಳ್ಳುವವರು ಬೇಕಲ್ಲ! ಇಂದು ಕುಡಿದ ನೀರಿಗೂ ಬರುವ ವರ್ಷದ ಹುಣ್ಣಿಗೂ ಸಂಬಂಧವುಂಟೆಂದು ಹೇಳಿಕೊಟ್ಟ ಹೊರತು ತಿಳಿಯದು. ಹೇಳಿಕೊಡುವ ಕೆಲಸಕ್ಕೆ ಸಂಬಳವನ್ನು ಯಾವ ಬಟ್ಟೆಯ ವ್ಯಾಪಾರಿಯು ಕೊಟ್ಟಾನು? ಇನ್ನು ಬಾವಿಯ ಮಾತು. ಒಬ್ಬ ಉದಾರಿಯು ತನ್ನ ಹಣದಿಂದ ಬಾವಿಯನ್ನು ಶುದ್ಧಗೊಳಿಸಿದರೆ ಅದರ ಫಲವು ಊರಿಗೆಲ್ಲ. ಹಣ ಕೊಡದವನಿಗೂ ಅಷ್ಟೇ ಫಲ. ಆದುದರಿಂದ ಪ್ರತಿಯೊಬ್ಬನೂ ಮತ್ತೊಬ್ಬನು ಮಾಡಲೆಂದು ಕಾಯುತ್ತಾನೆ. ಎಲ್ಲರೂ ಕಾದರೆ ಬಾವಿಯು ಇದ್ದಂತೆಯೇ ಇರುತ್ತದೆ. ಇಲ್ಲಿ ದುರಾಶೆಯ ವ್ಯಾಪಾರಿಯೂ ಇಲ್ಲ, ಮೂರ್ಖನಾದ ಗ್ರಾಹಕನೂ ಇಲ್ಲ. ಪ್ರತಿಯೊಬ್ಬನೂ ತನ್ನ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದಾನೆ. ಆದರೂ ಊರಿನ ಲೆಕ್ಕವು ತಪ್ಪಿತು! ಪಂಡಿತರು ಇದನ್ನೇ ಪೇಟೆಯ ವೈಫಲ್ಯವೆಂದು ಕರೆಯುತ್ತಾರೆ.

ಹಾಗಾದರೆ ನಾರುಹುಣ್ಣು ಹೋದುದು ಹೇಗೆ? ಕೇಂದ್ರ ಸರಕಾರವು 1980ರ ದಶಕದ ಆರಂಭದಲ್ಲಿ ಅದರ ನಿರ್ಮೂಲನದ ಕಾರ್ಯಕ್ರಮವನ್ನು ಹೂಡಿತು. 1984ರಲ್ಲಿ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ, ಸುಮಾರು 12,800 ಹಳ್ಳಿಗಳಲ್ಲಿ, 40,000ದಷ್ಟು ರೋಗಿಗಳಿದ್ದರು. ಆ ಏಳರಲ್ಲಿ ನಮ್ಮ ಕರ್ನಾಟಕವೂ ಒಂದಾಗಿತ್ತೆಂಬುದನ್ನು ಮರೆಯಕೂಡದು. ಆರೋಗ್ಯ ಇಲಾಖೆಯ ಕೆಳದರ್ಜೆಯ ನೌಕರರು ಮನೆಮನೆ ಹೊಕ್ಕು ರೋಗಿಗಳನ್ನು ಹುಡುಕಿದರು, ಬಟ್ಟೆ ಹಂಚಿದರು, ಬಾವಿಗಳಿಗೆ ಮದ್ದು ಬೆರೆಸಿದರು. ನೀರು ಸರಬರಾಜಿನವರು ಮೆಟ್ಟಿಲು ಬಾವಿಗಳನ್ನು ಮಾರ್ಪಡಿಸಿ, ಕೈಪಂಪುಗಳನ್ನು ನೆಟ್ಟರು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡ ರೋಗಿಯೇ ಭಾರತದ ಕಡೆಯ ರೋಗಿ. ಅನಂತರವೂ ಇಲಾಖೆಯವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಒಬ್ಬ ರೋಗಿಯೂ ಇಲ್ಲದ ಮೂರು ವರ್ಷಗಳ ಕಾಲ ಹುಡುಕುತ್ತಲೇ ಇದ್ದರು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಪ್ರಮಾಣಪತ್ರವಿತ್ತಿತು. ಜಗತ್ತಿನಲ್ಲಿ 1986ರ ಸುಮಾರಿಗೆ ವರ್ಷಕ್ಕೆ 35 ಲಕ್ಷ ಜನರು ಇದರಿಂದ ನರಳುತ್ತಿದ್ದರೆಂದು ಅಂದಾಜು. 2021ರಿಂದ 2024ರವರೆಗಿನ ಯಾವ ವರ್ಷದಲ್ಲಿಯೂ ಆ ಸಂಖ್ಯೆಯು 20ನ್ನು ಮುಟ್ಟಲಿಲ್ಲ. ರೋಗಿಯೇ ಇಲ್ಲದ ಊರಿನಲ್ಲಿ ರೋಗವನ್ನು ಹುಡುಕುವುದಕ್ಕೆ ಸಂಬಳ ಕೊಡುವ ವ್ಯಾಪಾರವನ್ನು ಯಾರಾದರೂ ಕಂಡಿರುವಿರಾ? ಆ ಸಂಬಳವನ್ನು ನಾವು ಕೊಟ್ಟೆವು. ತೆರಿಗೆಯ ಮೂಲಕ ಕೊಟ್ಟೆವು. ಅದರ ಪ್ರತಿಫಲವನ್ನು ನಮ್ಮ ಮಕ್ಕಳು ತಮಗೆ ತಿಳಿಯದಂತೆಯೇ ಅನುಭವಿಸುತ್ತಿದ್ದಾರೆ.

ಈ ತತ್ತ್ವವು ಪಾಶ್ಚಾತ್ಯರಿಂದ ಕಡ ತಂದುದೆಂದು ಕೆಲವರು ತಿಳಿದಿದ್ದಾರೆ. ಆಡಮ್ ಸ್ಮಿತ್ತನು 1776ರ ತನ್ನ ಗ್ರಂಥದಲ್ಲಿ ಪೇಟೆಯ ಗುಣವನ್ನು ಕೊಂಡಾಡಿದವನಾದರೂ, ಒಬ್ಬಿಬ್ಬರಿಗೆ ಲಾಭ ತಾರದೆ ಸಮಾಜಕ್ಕೆ ಮಾತ್ರ ಹೆಚ್ಚಿನ ಹಿತವನ್ನು ತರುವ ಕಾಮಗಾರಿಗಳು ರಾಜ್ಯದ ಕರ್ತವ್ಯವೆಂದು ಒಪ್ಪಿದ್ದನು. 1920ರಲ್ಲಿ ಪಿಗೂ ಎಂಬವನೂ 1954ರಲ್ಲಿ ಸ್ಯಾಮ್ಯುಯೆಲ್‌ಸನ್ ಎಂಬವನೂ ಅದನ್ನು ಶಾಸ್ತ್ರೀಯವಾಗಿ ಬೆಳೆಯಿಸಿದರೆಂಬುದು ನಿಜ. ಆದರೆ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿರಿ. ಊರವರು ಕೂಡಿ ಕೆರೆ-ಕಟ್ಟೆಗಳನ್ನು ಕಟ್ಟುವಾಗ ಒಬ್ಬನು ಜಾರಿಕೊಂಡರೆ, ಅವನ ಆಳುಗಳೂ ಎತ್ತುಗಳೂ ದುಡಿಯತಕ್ಕದ್ದು, ವೆಚ್ಚದಲ್ಲಿ ಅವನು ಪಾಲುಕೊಡತಕ್ಕದ್ದು, ಫಲದಲ್ಲಿ ಮಾತ್ರ ಅವನಿಗೆ ಪಾಲಿಲ್ಲವೆಂದು ಆತನು ವಿಧಿಸುತ್ತಾನೆ. ಪುಕ್ಕಟೆ ಫಲ ಬಯಸುವವನ ಸ್ವಭಾವವನ್ನು ಆ ಪುರಾತನನು ಎಷ್ಟು ಚೆನ್ನಾಗಿ ಅರಿತಿದ್ದನು! ತೆರಿಗೆಯೆಂಬುದು ಈ ನಿಯಮದ ಬೆಳೆದ ರೂಪವೇ ಸರಿ.

ನೀರೆಂಬ ಒಂದೇ ವಸ್ತುವಿನಲ್ಲಿ ಪೇಟೆಯು ಎಡವುವ ಬಗೆಗಳೆಲ್ಲವೂ ಕಾಣುತ್ತವೆ. ಊರ ಬಾವಿಯ ಶುದ್ಧಿಯಿಂದ ಯಾರನ್ನೂ ಹೊರಗಿಡಲಾಗದು, ಇದು ಒಂದು. ಒಬ್ಬನ ಗಟಾರದ ಹೊಲಸು ಮತ್ತೊಬ್ಬನ ಮನೆಗೆ ಕಾಲರಾ ತರುತ್ತದೆ, ಆ ಹಾನಿಯು ಯಾವ ಅಂಗಡಿಯ ಬೆಲೆಯಲ್ಲಿಯೂ ಸೇರಿರುವುದಿಲ್ಲ, ಇದು ಎರಡು. ಒಂದೇ ಬೀದಿಯಲ್ಲಿ ಎರಡು ಕಂಪನಿಗಳು ಎರಡು ಸಾಲು ಕೊಳವೆಗಳನ್ನು ಹೂಳುವುದು ಹುಚ್ಚುತನ, ಒಬ್ಬನೇ ಹೂಳಿದರೆ ಅವನು ಹೇಳಿದ್ದೇ ಬೆಲೆ, ಇದು ಮೂರು. ನಾಲ್ಕನೆಯದು ಅಜ್ಞಾನ. ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳ ನೀರು ಸ್ಫಟಿಕದಂತೆ ತಿಳಿಯಾಗಿರುತ್ತದೆ. ಅದರೊಳಗಿನ ಫ್ಲೋರೈಡು ಕಣ್ಣಿಗೂ ಕಾಣದು, ನಾಲಗೆಗೂ ತಿಳಿಯದು. ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡಿದಾಗ, ದೊಡ್ಡವರ ಎಲುಬು ಬಾಗಿದಾಗ ತಿಳಿಯುತ್ತದೆ. ತಾನು ಕೊಳ್ಳುವ ವಸ್ತುವಿನ ಗುಣವನ್ನೇ ಅರಿಯದ ಗ್ರಾಹಕನು ಪೇಟೆಯನ್ನು ತಿದ್ದುವುದೆಂತು?

ಇನ್ನು ಆಕ್ಷೇಪಗಳನ್ನು ಎತ್ತಿಕೊಳ್ಳೋಣ. ಮೊದಲನೆಯದು ನಮ್ಮ ಸಂಪ್ರದಾಯಪ್ರಿಯರದು. ನಮ್ಮ ಹಿರಿಯರು ಸಾವಿರಾರು ಕೆರೆಗಳನ್ನು ಸರಕಾರದ ಹಂಗಿಲ್ಲದೆ, ಧರ್ಮಬುದ್ಧಿಯಿಂದಲೇ ಕಟ್ಟಿದರಲ್ಲವೇ ಎಂದು ಇವರು ಕೇಳುತ್ತಾರೆ. ಧರ್ಮಬುದ್ಧಿಯು ಇತ್ತು, ಅಲ್ಲಗಳೆಯುವುದಿಲ್ಲ. ಆದರೆ ಶಾಸನಗಳನ್ನು ಓದಿದವರು ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಮಾತುಗಳನ್ನು ಬಲ್ಲರು. ಕೆರೆಯನ್ನು ಕಟ್ಟಿದವನಿಗೆ, ಅದನ್ನು ಕಾಪಾಡುವವನಿಗೆ ತೆರಿಗೆಯಿಲ್ಲದ ಅಥವಾ ಅಲ್ಪ ತೆರಿಗೆಯ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಹೂಳೆತ್ತುವ ವೆಚ್ಚಕ್ಕೆ ಭೂಮಿಯ ಉತ್ಪತ್ತಿಯನ್ನು ಗೊತ್ತು ಮಾಡುತ್ತಿದ್ದರು. ಬೊಕ್ಕಸಕ್ಕೆ ಬರತಕ್ಕ ಕಂದಾಯವನ್ನು ಬಿಟ್ಟುಕೊಡುವುದಕ್ಕೂ ಬೊಕ್ಕಸದಿಂದ ಹಣವೆತ್ತಿ ಕೊಡುವುದಕ್ಕೂ ಲೆಕ್ಕದ ಪುಸ್ತಕದಲ್ಲಿ ಏನು ಭೇದ? ಊರವರ ಶ್ರಮವೂ ರಾಜ್ಯದ ವೆಚ್ಚವೂ ಕೈಗೂಡಿದ್ದರಿಂದಲೇ ಕೆರೆಗಳು ಉಳಿದವು.

ಎರಡನೆಯದು ಹೊಸ ಪಂಡಿತರ ಆಕ್ಷೇಪ. ಸಮುದ್ರತೀರದ ದೀಪಸ್ತಂಭದ ಬೆಳಕನ್ನು ಹಣ ಕೊಡದ ಹಡಗಿಗೆ ಮರೆಮಾಡಲಾಗದು, ಆದುದರಿಂದ ಅದನ್ನು ಸರಕಾರವೇ ನಡೆಯಿಸಬೇಕೆಂದು ಹಿಂದಿನವರು ಹೇಳುತ್ತಿದ್ದರು. ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞನು 1974ರಲ್ಲಿ ಇಂಗ್ಲೆಂಡಿನ ಹಳೆಯ ದಫ್ತರಗಳನ್ನು ಶೋಧಿಸಿ, ಅಲ್ಲಿ ಖಾಸಗಿಯವರೂ ದೀಪಸ್ತಂಭಗಳನ್ನು ಕಟ್ಟಿ ನಡೆಯಿಸಿದ್ದರೆಂದು ತೋರಿಸಿದನು. ಇದು ಕೇಳತಕ್ಕ ವಾದವೇ. ಆದರೆ ವಕೀಲನಾದವನು ಒಂದು ಪ್ರಶ್ನೆಯನ್ನು ಕೇಳದೆ ಇರಲಾರನು: ಅವರು ಹಣವನ್ನು ವಸೂಲು ಮಾಡಿದುದು ಯಾವ ಹಕ್ಕಿನಿಂದ? ಅರಸನು ಕೊಟ್ಟ ಸನದಿನಿಂದ! ಬಂದರಿಗೆ ಬಂದ ಹಡಗಿನಿಂದ ಈ ಸುಂಕವನ್ನು ವಸೂಲು ಮಾಡಿದವರು ಬಹುಮಟ್ಟಿಗೆ ಸರಕಾರದ ಸುಂಕದವರೇ. ಹೆಸರು ಖಾಸಗಿಯದು, ಬಲವು ರಾಜ್ಯದ್ದು. ಅದೂ ಸರಿಹೋಗದೆ 1836ರಲ್ಲಿ ಪಾರ್ಲಿಮೆಂಟು ಕಾಯದೆ ಮಾಡಿ, ಉಳಿದ ಖಾಸಗಿ ದೀಪಸ್ತಂಭಗಳನ್ನು ಸಾರ್ವಜನಿಕ ಸಂಸ್ಥೆಗೆ ಕೊಳ್ಳಿಸಿತು. ಕೋಸನ ದೃಷ್ಟಾಂತದಿಂದ ನಮಗೆ ದೊರೆಯುವ ಪಾಠವಿಷ್ಟೇ: ಕೆಲಸವನ್ನು ಮಾಡುವ ಕೈ ಯಾರದೇ ಆಗಿರಲಿ, ಎಲ್ಲರಿಂದಲೂ ಹಣವನ್ನು ಕೂಡಿಸುವ ಅಧಿಕಾರವು ಸಾರ್ವಜನಿಕವಾಗಿರಬೇಕು.

ಈ ಭೇದವನ್ನು ನಮ್ಮವರು ತಮ್ಮ ಊರಲ್ಲಿಯೇ ಕಂಡಿದ್ದಾರೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ವಾರ್ಡುಗಳಲ್ಲಿ ಹಗಲಿರುಳೂ ನಲ್ಲಿಯಲ್ಲಿ ನೀರು ಬರುವ ಏರ್ಪಾಡಾಯಿತು. ವಾರಕ್ಕೊಮ್ಮೆ ನೀರು ಕಂಡಿದ್ದ ಜನರಿಗೆ ಅದೊಂದು ಸೋಜಿಗವೇ ಆಗಿತ್ತು. ಅದನ್ನು ನಡೆಯಿಸಿದುದು ಖಾಸಗಿ ಕಂಪನಿಯೆಂದು ಹೊಗಳುವವರುಂಟು. ಹೊಗಳಲಿ, ಆದರೆ ನೆಲದಲ್ಲಿ ಹೂಳಿದ ಕೊಳವೆಗಳ ಹಣವು ವಿಶ್ವ ಬ್ಯಾಂಕಿನಿಂದ ತಂದ ಸಾಲವನ್ನೊಳಗೊಂಡ ಸರಕಾರದ ಹಣ, ಕಂಪನಿಗೆ ಸಂದುದು ನಿರ್ವಹಣೆಯ ಸಂಭಾವನೆ. ಗುತ್ತಿಗೆಯನ್ನು ಯಾರಿಗಾದರೂ ಕೊಡಬಹುದು, ಹೊಣೆಯನ್ನು ಮಾತ್ರ ಕೊಡಲಾಗದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದುದು. ಪೇಟೆಯು ಸೋಲುತ್ತದೆ, ಒಪ್ಪಿದೆವು. ಆದರೆ ಸರಕಾರವು ಗೆಲ್ಲುತ್ತದೆಯೇ? ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು? ಕಾಗದದ ಮೇಲೆ ತೋಡಿದ ಬಾವಿಗಳನ್ನೂ, ಉದ್ಘಾಟನೆಯ ಮರುವಾರವೇ ಬತ್ತಿದ ನಲ್ಲಿಗಳನ್ನೂ, ಬೀಗ ಜಡಿದ ನೀರಿನ ಘಟಕಗಳನ್ನೂ ಕಾಣದವರು ಯಾರಿದ್ದಾರೆ? ಈ ಆಕ್ಷೇಪಕ್ಕೆ ನಮ್ಮ ಉತ್ತರವು ಎರಡು ಬಗೆಯದು.

ಸರಕಾರದ ವೆಚ್ಚಕ್ಕೆ ಗೆರೆಯನ್ನು ಎಳೆಯತಕ್ಕದ್ದು ಅವಶ್ಯಕ. ಪೇಟೆಯ ವೈಫಲ್ಯವೇ ಆ ಗೆರೆ. ಬೆಂಗಳೂರಿನಲ್ಲಿ 1961ರಿಂದ ಸರಕಾರಿ ಕಾರಖಾನೆಯು ಮಾಡಿದ ಎಚ್.ಎಮ್.ಟಿ. ಕೈಗಡಿಯಾರಗಳು ನಾಡಿನ ಹೆಮ್ಮೆಯಾಗಿದ್ದವು. ಗಡಿಯಾರವೇ ದುರ್ಲಭವಾಗಿದ್ದ ದಿನಗಳವು. ಆದರೆ ಬೀದಿಗೊಂದು ಗಡಿಯಾರದಂಗಡಿ ತೆರೆದ ಮೇಲೆಯೂ, ನಷ್ಟದ ಮೇಲೆ ನಷ್ಟವನ್ನು ಹೊತ್ತು, 2016ರಲ್ಲಿ ಮುಚ್ಚುವ ತೀರ್ಮಾನವಾಗುವ ತನಕ ಬೊಕ್ಕಸವು ಅದನ್ನು ಹೊರಬೇಕಾಗಿತ್ತೇ? ಕೈಗಡಿಯಾರವು ಕಟ್ಟಿಕೊಂಡವನ ಕೈಗೆ ಮಾತ್ರ ಉಪಯೋಗವುಳ್ಳದ್ದು. ಅದನ್ನು ಪೇಟೆಯೇ ಒದಗಿಸಬಲ್ಲದು. ಪೇಟೆಯು ಒದಗಿಸಬಲ್ಲ ವಸ್ತುವಿನ ಮೇಲೆ ಬೊಕ್ಕಸದ ಹಣವನ್ನು ಸುರಿದರೆ, ಒದಗಿಸಲಾರದ ವಸ್ತುವಿಗೆ ಹಣವು ಉಳಿಯುವುದಿಲ್ಲ. ಆದುದರಿಂದ ವೈಫಲ್ಯದ ತತ್ತ್ವವು ಸರಕಾರದ ಕೈಗೆ ಕೊಟ್ಟ ಬರಿಯ ಚೆಕ್ಕಲ್ಲ. ಅದು ಸರಕಾರದ ಮೇಲೆ ಹೂಡಿದ ದಾವೆಯೂ ಆಗಿದೆ.

ಗೆರೆಯೊಳಗಿನ ಕೆಲಸವನ್ನು ಸರಕಾರವು ಕೆಡಿಸಿದರೆ ಏನು ಮಾಡಬೇಕು? ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವವರಿಲ್ಲ. ಮಧ್ಯಪ್ರದೇಶದ ರತಲಾಮ್ ಪಟ್ಟಣದ ಒಂದು ವಾರ್ಡಿನ ನಿವಾಸಿಗಳು ತೆರೆದ ಗಟಾರಗಳ ದುರ್ಗಂಧವನ್ನು ತಾಳಲಾರದೆ ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಸಾರ್ವಜನಿಕ ಉಪದ್ರವವನ್ನು ತೊಲಗಿಸಬೇಕೆಂದು ಮುನಸಿಪಾಲಿಟಿಗೆ ಅಪ್ಪಣೆಯಾಯಿತು. ಮುನಸಿಪಾಲಿಟಿಯವರು ಹಣವಿಲ್ಲವೆಂಬ ನೆಪದಿಂದ ಸುಪ್ರೀಂ ಕೋರ್ಟಿನವರೆಗೂ ಹೋದರು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಕೊಟ್ಟ ತೀರ್ಪಿನಲ್ಲಿ, ಹಣದ ಕೊರತೆಯು ಕಾಯದೆಯು ವಿಧಿಸಿದ ಕರ್ತವ್ಯದಿಂದ ನಗರಸಭೆಯನ್ನು ಬಿಡುಗಡೆ ಮಾಡಲಾರದೆಂದು ಸ್ಪಷ್ಟವಾಯಿತು. ಸಾರ್ವಜನಿಕ ಆರೋಗ್ಯವನ್ನು ಉತ್ತಮಗೊಳಿಸುವುದು ರಾಜ್ಯದ ಮೊದಲ ಕರ್ತವ್ಯಗಳಲ್ಲೊಂದೆಂದು ಸಂವಿಧಾನದ 47ನೆಯ ಅನುಚ್ಛೇದವು ಹೇಳುತ್ತದೆ. ರತಲಾಮಿನ ಆ ನಾಗರಿಕರು ಗಟಾರವನ್ನು ಖಾಸಗಿಯವರಿಗೆ ಮಾರಿರೆಂದು ಕೇಳಲಿಲ್ಲ. ತಮ್ಮ ಹಕ್ಕನ್ನು ಹಿಡಿದು ನಿಂತರು. ಸರಕಾರದ ವೈಫಲ್ಯಕ್ಕೆ ಮದ್ದು ಎಚ್ಚತ್ತ ನಾಗರಿಕನೇ.

ಇಲ್ಲಿಯೇ ನಮ್ಮ ಕಾಲದ ನಿಜವಾದ ಅಪಾಯವಿದೆ. ಹಣವುಳ್ಳ ಪಟ್ಟಣಿಗನು ಈಗ ನಲ್ಲಿಯ ನೀರಿಗಾಗಿ ಜಗಳಾಡುವುದನ್ನು ಬಿಟ್ಟಿದ್ದಾನೆ. ಮನೆಯಲ್ಲಿ ಶುದ್ಧೀಕರಣದ ಯಂತ್ರವನ್ನಿಟ್ಟಿದ್ದಾನೆ. ಅಂಗಡಿಯಿಂದ ಕ್ಯಾನು ತರಿಸುತ್ತಾನೆ. ಬೇಸಿಗೆಯಲ್ಲಿ ಟ್ಯಾಂಕರನ್ನು ಕರೆಯಿಸುತ್ತಾನೆ. ಪತ್ರ ಬರೆಯಬಲ್ಲ ಕೈ, ಸಭೆಯಲ್ಲಿ ಎದ್ದು ಕೇಳಬಲ್ಲ ಬಾಯಿ, ಕೋರ್ಟನ್ನು ಹತ್ತಬಲ್ಲ ಶಕ್ತಿಯು ಸಾರ್ವಜನಿಕ ನಲ್ಲಿಯನ್ನು ತೊರೆದು ಹೊರಟುಹೋದವು. ನಲ್ಲಿಯ ಬಳಿ ಉಳಿದವರು ಕೇಳುವ ಶಕ್ತಿಯಿಲ್ಲದವರು. ಕೇಳುವವರಿಲ್ಲದ ನಲ್ಲಿಯು ಕೆಡುತ್ತದೆ. ಕೆಟ್ಟುದನ್ನು ತೋರಿಸಿ, ನೋಡಿರಿ, ಸರಕಾರದಿಂದ ಏನೂ ಆಗದೆಂದು ಅದೇ ಪಟ್ಟಣಿಗನು ನುಡಿಯುತ್ತಾನೆ! 2019ರ ಆಗಸ್ಟ್ 15ರಂದು ಜಲಜೀವನ ಯೋಜನೆಯು ಘೋಷಿತವಾದಾಗ ದೇಶದ ಹಳ್ಳಿಗಳಲ್ಲಿ ನಲ್ಲಿಯಿದ್ದ ಮನೆಗಳು 3.23 ಕೋಟಿ ಮಾತ್ರ; ಅಂದರೆ ಆರರಲ್ಲೊಂದು. ಅನಂತರ ಕೋಟಿಗಟ್ಟಲೆ ಮನೆಗಳಿಗೆ ಕೊಳವೆಗಳು ಮುಟ್ಟಿವೆ. ಕೊಳವೆಯನ್ನು ಹಾಕುವುದು ಒಂದು ದಿನದ ಉತ್ಸವ. ಅದರಲ್ಲಿ ಶುದ್ಧವಾದ ನೀರನ್ನು ಹರಿಯಿಸುವುದು ಪ್ರತಿದಿನದ ವೆಚ್ಚ. ಪಂಪಿನ ವಿದ್ಯುತ್ತಿಗೆ, ನೀರು ಬಿಡುವವನ ಸಂಬಳಕ್ಕೆ, ನೀರಿನ ಪರೀಕ್ಷೆಗೆ, ಒಡೆದ ಕೊಳವೆಯ ದುರಸ್ತಿಗೆ ವರ್ಷವರ್ಷವೂ ಹಣ ಬೇಕು. ಈ ಹಣಕ್ಕೆ ಉದ್ಘಾಟನೆಯಿಲ್ಲ, ಹಾರವಿಲ್ಲ, ಕಲ್ಲಿನ ಮೇಲೆ ಹೆಸರಿಲ್ಲ. ಆದುದರಿಂದ ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಆದುದರಿಂದ ವಾಚಕರಲ್ಲಿ, ವಿಶೇಷವಾಗಿ ಶಿಕ್ಷಕರಲ್ಲಿ, ನಮ್ಮ ಬಿನ್ನಹವಿದು. ನಿಮ್ಮ ನಗರಸಭೆಯ, ನಿಮ್ಮ ಗ್ರಾಮ ಪಂಚಾಯತಿಯ ಅಂದಾಜುಪಟ್ಟಿಯನ್ನು ಈ ವರ್ಷ ತರಿಸಿ ಓದಿರಿ. ಪೇಟೆಯು ಕೊಡಬಲ್ಲುದಕ್ಕೆ ಎಷ್ಟು ಹಣವು ಹೋಗುತ್ತದೆ, ಪೇಟೆಯು ಎಂದಿಗೂ ಕೊಡಲಾರದುದಕ್ಕೆ ಎಷ್ಟು ಉಳಿಯುತ್ತದೆ ಎಂಬ ಎರಡು ಅಂಕಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಳ್ಳಿರಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ಕಳೆದ ಸಲ ನೀರನ್ನು ಪರೀಕ್ಷಿಸಿದುದು ಎಂದು, ಅದರ ವರದಿಯೆಲ್ಲಿ ಎಂದು ಕೇಳಿರಿ. ಶಾಲೆಯಲ್ಲಿ ಮಕ್ಕಳಿಗೆ ನಾರುಹುಣ್ಣಿನ ಕಥೆಯನ್ನು ಹೇಳಿರಿ. ತಮ್ಮ ಅಜ್ಜನ ಕಾಲ ಮೇಲಿನ ಆ ಗುರುತು ತಮ್ಮ ಕಾಲುಗಳ ಮೇಲೆ ಏಕೆ ಇಲ್ಲವೆಂದು ಅವರು ಒಮ್ಮೆ ಯೋಚಿಸಲಿ. ತೆರಿಗೆಯೆಂದರೇನೆಂಬುದು ಅವರಿಗೆ ಬೇರೆ ಪಾಠವಿಲ್ಲದೆಯೇ ತಿಳಿಯುವುದು.